ಶರಾವತಿಯ ಯಂತ್ರ ಯಾರ ತಾಳಕ್ಕೆ ತಿರುಗುತ್ತದೆ?

ಕರೆಂಟು ಹೋದಾಗಲೆಲ್ಲ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಂದು ಗೊಣಗಾಟ ಇದ್ದದ್ದೇ: ಶರಾವತಿ ಹೊಳೆ ನಮ್ಮದು, ಕತ್ತಲೂ ನಮಗೇ. ಈಗ ಅದಕ್ಕೆ ಗ್ರಿಡ್ (ಸ್ಥಾವರಗಳನ್ನೆಲ್ಲ ಜೋಡಿಸುವ ವಿದ್ಯುತ್ ಜಾಲ), ಫ್ರೀಕ್ವೆನ್ಸಿ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ತೂಗುತ್ತದೆ ಅನ್ನುವ ಲೆಕ್ಕ, ಅದರ ತಾಳ) ಎಲ್ಲ ಸೇರಿ ಕಲಸುಮೇಲೋಗರವಾಗಿದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಬೇರೆ, ಗ್ರಿಡ್ಡಿನ ತಾಳ ತಪ್ಪುವುದು ಬೇರೆ.

ತಾಳದ ಕತೆ ಹಳೆಯದು. 1665ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಹುಷಾರಿಲ್ಲದೆ ಮಲಗಿದ್ದರು. ಎದುರಿಗೆ ಎರಡು ಲೋಲಕದ ಗಡಿಯಾರ. ಒಂದರ ಗುಂಡು ಎಡಕ್ಕೆ ಹೋದರೆ ಇನ್ನೊಂದರದ್ದು ಬಲಕ್ಕೆ. ಬೇಕಂತಲೇ ತಪ್ಪಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹಾಗೇ. ಎರಡನ್ನೂ ಹೊತ್ತಿದ್ದ ತೊಲೆಯ ಸಣ್ಣ ಅಲುಗಾಟವೇ ಕಾರಣ. ಮುಂದಿನ ಮುನ್ನೂರು ವರ್ಷದಲ್ಲಿ ಆರ್ಗನ್ ಕೊಳವೆ, ರೇಡಿಯೋ, ಮಿಂಚುಹುಳು ಎಲ್ಲದರಲ್ಲೂ ಇಂಥದ್ದು ಕಂಡಿತು. 1975ರಲ್ಲಿ ಜಪಾನಿನ ಭೌತವಿಜ್ಞಾನಿ ಕುರಾಮೊಟೊ ಲೆಕ್ಕ ಕೊಟ್ಟರು: ಒಂದನ್ನೊಂದು ಅಲುಗಿಸುವ ನಂಟು ಒಂದು ಮಟ್ಟ ದಾಟುವ ತನಕ ಬರೀ ಸಂತೆ ಗದ್ದಲ, ದಾಟಿದ್ದೇ ತಡ ಒಂದು ಗುಂಪು ತಾನಾಗಿ ಜೊತೆಗೂಡುತ್ತದೆ.

ಲಿಂಗನಮಕ್ಕಿ ಕಟ್ಟೆ ಆದದ್ದು 1964ರಲ್ಲಿ. ಅದರ ನೀರಿಗೆ ತಿರುಗುವ ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ ಹತ್ತು ಯಂತ್ರಗಳಿವೆ. ಜಾಲಕ್ಕೆ ಸೇರಿದ ಮೇಲೆ ಯಾವುದೂ ತನ್ನಿಷ್ಟಕ್ಕೆ ಓಡುವಂತಿಲ್ಲ. ನೀರು ಜಾಸ್ತಿ ಬಿಟ್ಟರೆ ಕರೆಂಟು ಜಾಸ್ತಿ ಹೋಗುತ್ತದೆ, ಓಟ ಮಾತ್ರ ಎಲ್ಲರ ಜೊತೆಗೇ, 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲದ ಲೆಕ್ಕದಲ್ಲಿ. ಜೋಡೆತ್ತಿನಲ್ಲಿ ಒಂದು ಜಾಸ್ತಿ ಎಳೆಯಬಹುದು, ಬಿಟ್ಟು ಮುಂದೆ ಓಡುವಂತಿಲ್ಲ, ಅಲ್ವಾ?

2012ರ ಜುಲೈ 30ರಂದು ಉತ್ತರದ ಜಾಲ ಕುಸಿಯಿತು. ಮರುದಿನ ಅದರ ಜೊತೆ ಪೂರ್ವ, ಈಶಾನ್ಯವೂ ಹೋದವು. 60 ಕೋಟಿಗೂ ಹೆಚ್ಚು ಜನ ಇರುವ ನೆಲ ಅದು. ದಕ್ಷಿಣದ ಜಾಲ ಉಳಿಯಿತು. ಆಗ ನಮಗೂ ಅವರಿಗೂ ನಂಟು ಇದ್ದದ್ದು ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ಮಾರ್ಗದಂಥ ಡಿಸಿ ಕೊಂಡಿಗಳಲ್ಲಿ (ಅತ್ತಿತ್ತ ತೂಗದೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು). ಅಲ್ಲಿ ಕರೆಂಟು ದಾಟುತ್ತದೆ, ತಾಳ ದಾಟುವುದಿಲ್ಲ.

2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗ ಕೂಡಿತು. ಅಂದಿನಿಂದ ಶರಾವತಿಯ ಯಂತ್ರಕ್ಕೂ ಉತ್ತರದ ಯಂತ್ರಗಳಿಗೂ ಒಂದೇ ಹೆಜ್ಜೆ. ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಎಲ್ಲೋ ದೊಡ್ಡ ಸ್ಥಾವರ ನಿಂತರೆ ಏಟು ಹಂಚಿಹೋಗುತ್ತದೆ, ಕೊರತೆಗೆ ದೂರದಿಂದ ತರಿಸಬಹುದು. ಆದರೆ ಹದಿನೇಳು ತಿಂಗಳ ಹಿಂದೆ ನಮ್ಮನ್ನು ಕಾಪಾಡಿದ್ದು ತಾಳ ಬೇರೆ ಇದ್ದದ್ದೇ ಎಂಬುದನ್ನು ಸಂಭ್ರಮದಲ್ಲಿ ಸುಮ್ನೆ ಮರೆತುಬಿಟ್ಟೆವು.

ಲೆಕ್ಕದವರು ಮರೆತಿರಲಿಲ್ಲ: ನಂಟಿದ್ದ ಮಾತ್ರಕ್ಕೆ ಎಲ್ಲ ಒಂದೇ ತಾಳಕ್ಕೆ ಬೀಳಬೇಕೆಂದಿಲ್ಲ. 2002ರಲ್ಲಿ ಕುರಾಮೊಟೊ ಮತ್ತು ಬಟ್ಟೊಗ್ಟೊಖ್ ವಿಚಿತ್ರವೊಂದನ್ನು ತೋರಿಸಿದ್ದರು: ತೂಗುವವೆಲ್ಲ ಒಂದೇ ಥರದವು, ನಂಟೂ ಒಂದೇ ಥರ, ಆದರೂ ಅರ್ಧ ತಾಳಕ್ಕೆ, ಅರ್ಧ ತನ್ನಪಾಡಿಗೆ. 2004ರಲ್ಲಿ ಅಬ್ರಾಮ್ಸ್ ಮತ್ತು ಸ್ಟ್ರೊಗಾಟ್ಸ್ ಎಂಬ ಇಬ್ಬರು ಗಣಿತದವರು ಅದಕ್ಕೆ ಗ್ರೀಕರ ಸಿಂಹ-ಮೇಕೆ-ಹಾವಿನ ಪ್ರಾಣಿ ‘ಕೈಮೆರಾ’ದ ಹೆಸರಿಟ್ಟರು. ಕೆಳದಿಯ ಗಂಡಭೇರುಂಡ ನೋಡಿದ್ದರೆ ಅದನ್ನೇ ಇಡುತ್ತಿದ್ದರೇನೋ, ಮೈ ಒಂದು, ತಲೆ ಎರಡು. ಉತ್ತರದ ಜಾಲ ಕುಸಿದ ಆ 2012ರಲ್ಲೇ ಅದು ಪ್ರಯೋಗಾಲಯದಲ್ಲೂ ಕಣ್ಣಿಗೆ ಬಿತ್ತು.