ಮಂಡಿಯೂರಿ ಹುಟ್ಟು ಹಾಕಲು 85 ವರ್ಷ ಕಾದವರು

ಟೋಕಿಯೋದ ಸೀ ಫಾರೆಸ್ಟ್ ವಾಟರ್‌ವೇಯಲ್ಲಿ 2021ರ ಆಗಸ್ಟ್ 5ರಂದು ಅಮೆರಿಕದ ನೆವಿನ್ ಹ್ಯಾರಿಸನ್ ಕೆನೋ ಎಂಬ ದೋಣಿಯಲ್ಲಿ 200 ಮೀಟರ್ ದೂರವನ್ನು 45.932 ಸೆಕೆಂಡಿನಲ್ಲಿ ಮುಗಿಸಿ ಒಲಿಂಪಿಕ್ ಚಿನ್ನ ಗೆದ್ದರು. ಆಗ ಅವರಿಗೆ 19 ವರ್ಷ. ಒಲಿಂಪಿಕ್ಸ್‌ನ ಸ್ಪ್ರಿಂಟ್ ರೇಸ್‌ಗಳಲ್ಲಿ ಹೆಣ್ಣುಮಕ್ಕಳು ಕೆನೋ ದೋಣಿ ಹತ್ತಿದ್ದು ಆ ಕೂಟದಲ್ಲೇ ಮೊದಲು. ಈ ಆಟ ಒಲಿಂಪಿಕ್ಸ್‌ಗೆ ಬಂದದ್ದು 1936ರಲ್ಲಿ. ನಡುವೆ 85 ವರ್ಷ ಕಳೆದವು. ಇಷ್ಟು ತಡ ಯಾಕಾಯಿತು ಅಂತ ನೋಡಲು ಮೊದಲು ದೋಣಿಗಳನ್ನು ಗುರುತಿಸಿಕೊಳ್ಳಬೇಕು.

ಈ ಆಟದಲ್ಲಿ ಎರಡು ಬಗೆಯ ದೋಣಿಗಳಿವೆ. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂರುತ್ತಾರೆ. ಹುಟ್ಟಿನ ಎರಡೂ ತುದಿಯಲ್ಲಿ ಅಲಗು ಇರುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೀರು ಎಳೆಯುತ್ತಾ ಸಾಗಬಹುದು. ಹಿಂದೆ ಚುಕ್ಕಾಣಿ ಇದೆ, ಅದನ್ನು ಪಾದದಿಂದಲೇ ತಿರುಗಿಸುತ್ತಾರೆ. ಕೆನೋದಲ್ಲಿ ಈ ಯಾವ ಅನುಕೂಲವೂ ಇಲ್ಲ. ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು, ಒಂದೇ ಅಲಗಿನ ಹುಟ್ಟು ಹಿಡಿದು ರೇಸ್ ಪೂರ್ತಿ ಒಂದೇ ಪಕ್ಕದಲ್ಲಿ ಎಳೆಯಬೇಕು. ಹಾಗೆ ಎಳೆದರೆ ದೋಣಿ ಇನ್ನೊಂದು ಪಕ್ಕಕ್ಕೆ ವಾಲಿ ತಿರುಗುತ್ತದೆ, ಅಲ್ವಾ? ಸರಿಪಡಿಸಲು ಚುಕ್ಕಾಣಿಯೂ ಇಲ್ಲ. ಪ್ರತಿ ಎಳೆತದ ಕೊನೆಯಲ್ಲಿ ಹುಟ್ಟನ್ನು ತಿರುಚಿ, ವೇಗ ಕಳೆದುಕೊಳ್ಳದೆ, ದೋಣಿಯನ್ನು ನೇರಕ್ಕೆ ತರಬೇಕು. ಒಂದೇ ಪೆಡಲ್ ತುಳಿದು ಸೈಕಲ್ಲನ್ನು ಗೆರೆ ಎಳೆದ ಹಾಗೆ ಓಡಿಸುವಷ್ಟು ಕಷ್ಟದ ಕೆಲಸ ಇದು. ಒಬ್ಬರ ದೋಣಿ 5.2 ಮೀಟರ್‌ವರೆಗೆ ಉದ್ದ ಇರಬಹುದು. ಅಗಲ ಮಾತ್ರ ತೀರಾ ಕಡಿಮೆ. ಅಭ್ಯಾಸ ಇಲ್ಲದವರು ಹತ್ತಿದ ಕೂಡಲೇ ನೀರಿಗೆ ಬೀಳುತ್ತಾರೆ.

ಸ್ಪರ್ಧೆಗಳ ಹೆಸರಿನಲ್ಲಿ ಕೆ ಅಂದರೆ ಕಯಾಕ್, ಸಿ ಅಂದರೆ ಕೆನೋ. ಪಕ್ಕದ ಅಂಕಿ ದೋಣಿಯಲ್ಲಿ ಎಷ್ಟು ಜನ ಅಂತ ಹೇಳುತ್ತದೆ.

ಎರಡೂ ದೋಣಿಗಳ ಮೂಲ ಉತ್ತರ ಅಮೆರಿಕದ ಮೂಲನಿವಾಸಿಗಳದ್ದು. ಕಯಾಕ್ ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ಬೇಟೆಯ ದೋಣಿ. ಕೆನೋ ಅದಕ್ಕಿಂತ ದಕ್ಷಿಣದ ಕಾಡು, ನದಿಗಳ ದೋಣಿ, ಬರ್ಚ್ ಮರದ ತೊಗಟೆಯಿಂದ ಕಟ್ಟಿದ್ದು. ಇನ್ಯುಯಿಟ್ ಜನರಲ್ಲೇ ಉಮಿಯಾಕ್ ಎಂಬ ದೊಡ್ಡ ತೆರೆದ ದೋಣಿಯೂ ಇತ್ತು. ಮನೆಮಂದಿ, ಸಾಮಾನು ಎಲ್ಲವನ್ನೂ ಸಾಗಿಸುವ ಆ ದೋಣಿಗೆ ಹೆಂಗಸರೇ ಹುಟ್ಟು ಹಾಕುತ್ತಿದ್ದರು. ಹೆಣ್ಣಿಗೆ ಇದು ಆಗದ ಕೆಲಸ ಅನ್ನುವ ಮಾತು ಆ ನೀರಿನಲ್ಲಿ ಹುಟ್ಟಿದ್ದಲ್ಲ.

ಅದು ಯುರೋಪಿನಲ್ಲಿ ಸೇರಿಕೊಂಡ ಮಾತು. 1860ರ ದಶಕದಲ್ಲಿ ಸ್ಕಾಟ್ಲೆಂಡ್ ಮೂಲದ ವಕೀಲ ಜಾನ್ ಮ್ಯಾಕ್‌ಗ್ರೆಗರ್ 'ರಾಬ್ ರಾಯ್' ಎಂಬ ಪುಟ್ಟ ದೋಣಿ ಮಾಡಿಸಿ ಯುರೋಪಿನ ನದಿಗಳನ್ನು ಸುತ್ತಿದರು. 1866ರಲ್ಲಿ ಇಂಗ್ಲೆಂಡಿನಲ್ಲಿ ಕೆನೋ ಕ್ಲಬ್ ಶುರುವಾಯಿತು. ಬಿಡುವು ಇದ್ದ, ದುಡ್ಡಿದ್ದ ಗಂಡಸರ ಹವ್ಯಾಸ ಅದು. 1924ರಲ್ಲಿ ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿತು, ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯ ನಡೆಯಿತು. 1936ರ ಬರ್ಲಿನ್‌ನಲ್ಲಿ ಪೂರ್ಣ ಮಾನ್ಯತೆ ಸಿಕ್ಕಾಗ ಒಂಬತ್ತು ಸ್ಪರ್ಧೆಗಳಿದ್ದವು. ಒಂಬತ್ತೂ ಪುರುಷರಿಗೆ.

ಹೆಣ್ಣುಮಕ್ಕಳಿಗೆ ಮೊದಲ ಬಾಗಿಲು ತೆರೆದದ್ದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಅದೂ ಕಯಾಕ್‌ನಲ್ಲಿ, ಒಂದೇ ಒಂದು ಸ್ಪರ್ಧೆ, 500 ಮೀಟರ್. ಥೇಮ್ಸ್ ನದಿಯ ಹೆನ್ಲಿಯಲ್ಲಿ ಡೆನ್ಮಾರ್ಕ್‌ನ ಕರೆನ್ ಹಾಫ್ ಗೆದ್ದರು. ಇಬ್ಬರ ಕಯಾಕ್ ಸೇರಲು 1960 ಬರಬೇಕಾಯಿತು. ನಾಲ್ವರದ್ದು ಸೇರಿದ್ದು 1984ರಲ್ಲಿ. 2008ರ ಬೀಜಿಂಗ್‌ಗೆ ಬಂದರೂ ಪುರುಷರಿಗೆ ಒಂಬತ್ತು, ಮಹಿಳೆಯರಿಗೆ ಮೂರು.

ಇದೇ ಅವಧಿಯಲ್ಲಿ ಈ ಕ್ರೀಡೆಯ ಅತಿ ದೊಡ್ಡ ಹೆಸರು ಒಬ್ಬ ಹೆಣ್ಣಿನದ್ದಾಗಿತ್ತು. ಜರ್ಮನಿಯ ಬಿರ್ಗಿಟ್ ಫಿಶರ್ 1980ರಲ್ಲಿ, 18ನೇ ವಯಸ್ಸಿನಲ್ಲಿ ಮೊದಲ ಚಿನ್ನ ಗೆದ್ದರು. ಕೊನೆಯದನ್ನು 2004ರಲ್ಲಿ, 42ನೇ ವಯಸ್ಸಿನಲ್ಲಿ. ಒಟ್ಟು ಎಂಟು ಚಿನ್ನ, ನಾಲ್ಕು ಬೆಳ್ಳಿ. ಶಕ್ತಿ, ಸಹನೆಯ ವಿಚಾರದಲ್ಲಿ ಇನ್ನೇನು ಪುರಾವೆ ಬೇಕಿತ್ತು? ಆದರೂ ಕೆನೋ ಅಂದ ಕೂಡಲೇ ಬೇರೆಯೇ ಮಾತು. ಮಂಡಿಯೂರಿ ಒಂದೇ ಪಕ್ಕ ಎಳೆದರೆ ಹೆಣ್ಣಿನ ಬೆನ್ನು ಸೊಟ್ಟಗಾಗುತ್ತದೆ, ಗರ್ಭಕೋಶಕ್ಕೆ ತೊಂದರೆ ಆಗುತ್ತದೆ, ಮಕ್ಕಳಾಗುವುದು ಕಷ್ಟ. ಕೋಚ್‌ಗಳು, ಪದಾಧಿಕಾರಿಗಳು ಇದನ್ನು ದಶಕಗಳ ಕಾಲ ಹೇಳಿಕೊಂಡು ಬಂದರು. ಹಾಗೆ ನೋಡಿದರೆ ಒಂದೇ ಪಕ್ಕದ ಎಳೆತ ಗಂಡಸಿನ ಬೆನ್ನಿಗೂ ಒಂದೇ. ಅವರನ್ನು ಯಾರೂ ತಡೆದಿರಲಿಲ್ಲ.

ಎರಡನೆಯ ವಾದ ನನಗೆ ಇದಕ್ಕಿಂತ ಜಾಸ್ತಿ ಸಿಟ್ಟು ತರಿಸುತ್ತದೆ, ಯಾಕೆಂದರೆ ಅದು ನ್ಯಾಯದ ಹಾಗೆ ಕೇಳಿಸುತ್ತದೆ: ಕೆನೋ ಓಡಿಸುವ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು ದೇಶಗಳಲ್ಲಿ ಮಾತ್ರ ಇದ್ದಾರೆ, ಹಾಗಾಗಿ ಒಲಿಂಪಿಕ್ಸ್‌ಗೆ ಸೇರಿಸಲಾಗದು. ಆದರೆ ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಕ್ಕೆ ಸರ್ಕಾರಗಳು ದುಡ್ಡು ಕೊಡುವುದಿಲ್ಲ. ದುಡ್ಡಿಲ್ಲದಿದ್ದರೆ ಕೋಚ್ ಇಲ್ಲ, ದೋಣಿ ಇಲ್ಲ, ಹುಡುಗಿಯರೂ ಇಲ್ಲ. ಕೆನೋದಲ್ಲಿ ಕಲಿಯಲು ಬಂದ ಹುಡುಗಿಯನ್ನು ಕ್ಲಬ್ಬಿನವರು ಕಯಾಕ್‌ಗೆ ಕಳಿಸುತ್ತಿದ್ದರು, ಮುಂದೆ ಪದಕದ ದಾರಿ ಇರುವುದು ಅಲ್ಲಿ ತಾನೇ.

ಈ ಕಗ್ಗಂಟು ಸಡಿಲವಾಗಿದ್ದು ಕೆಳಗಿನಿಂದ. ಕೆನಡಾದ ಕ್ಲಬ್ಬುಗಳು ಹುಡುಗಿಯರಿಗೆ ಕೆನೋ ಕಲಿಸಿದವು. ಅಮೆರಿಕದಲ್ಲಿ ಪಾಮ್ ಬೊಟೆಲರ್ ಮಹಿಳೆಯರ ಸ್ಪರ್ಧೆಯೇ ಇಲ್ಲದ ಕಾಲಕ್ಕೆ ಪುರುಷರ ಜೊತೆಗೇ ರೇಸ್ ಮಾಡಿದರು, ಆಮೇಲೆ 'ವಿಮೆನ್‌ಕ್ಯಾನ್ ಇಂಟರ್‌ನ್ಯಾಷನಲ್' ಎಂಬ ಸಂಘಟನೆಯ ಮೂಲಕ ವರ್ಷಗಟ್ಟಲೆ ಒತ್ತಾಯಿಸಿದರು. 2009ರಲ್ಲಿ ಕೆನಡಾದ ಡಾರ್ಟ್‌ಮತ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಮಹಿಳೆಯರ ಕೆನೋ ಪ್ರದರ್ಶನ ಪಂದ್ಯವಾಗಿ ಸೇರಿತು. ಮರುವರ್ಷ ಪೋಲೆಂಡಿನ ಪೊಜ್ನಾನ್‌ನಲ್ಲಿ ಸಿ-1 200 ಮೀಟರ್‌ಗೆ ಅಧಿಕೃತ ಪದಕ ಸಿಕ್ಕಿತು. ಗೆದ್ದವರು ಕ್ವಿಬೆಕ್‌ನ 18 ವರ್ಷದ ಲಾರೆನ್ಸ್ ವಿನ್ಸೆಂಟ್-ಲಾಪ್ವಾಂಟ್. ಮುಂದಿನ ಒಂದು ದಶಕ ಈ ಸ್ಪರ್ಧೆ ಅಂದರೆ ಅವರೇ ಅನ್ನುವ ಹಾಗಾಯಿತು.

ಒಲಿಂಪಿಕ್ಸ್ ಮಾತ್ರ ಇನ್ನೂ ಮುಚ್ಚಿತ್ತು. 2012ರ ಲಂಡನ್‌ಗೆ ಮಹಿಳೆಯರ ಕಯಾಕ್ 200 ಮೀಟರ್ ಸೇರಿತು, ಪುರುಷ, ಮಹಿಳೆ ಸ್ಪರ್ಧೆಗಳ ಲೆಕ್ಕ ಎಂಟು-ನಾಲ್ಕಕ್ಕೆ ಬಂತು. ಕೆನೋದಲ್ಲಿ ಸೊನ್ನೆ. ಬ್ರಿಟನ್ನಿನ ಕೆನೋ ಆಟಗಾರ್ತಿ ಸಮಂತಾ ರಿಪಿಂಗ್ಟನ್ ಇದು ತಾರತಮ್ಯ ಎಂದು ಸಂಘಟಕರ ವಿರುದ್ಧ ಕಾನೂನಿನ ದಾರಿ ಹಿಡಿದರು. ಕೂಟದ ಪಟ್ಟಿ ಬದಲಾಗಲಿಲ್ಲ. 2016ರ ರಿಯೋದಲ್ಲೂ ಅದೇ ಎಂಟು-ನಾಲ್ಕು.

ಅಂತೂ 2017ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಟೋಕಿಯೋದ ಪಟ್ಟಿ ಪ್ರಕಟಿಸಿತು. ಆರು-ಆರು. ಮಹಿಳೆಯರ ಸಿ-1 200 ಮತ್ತು ಸಿ-2 500 ಒಳಗೆ ಬಂದವು. ಆದರೆ ಒಟ್ಟು ಸ್ಪರ್ಧೆಗಳ ಸಂಖ್ಯೆ ಹನ್ನೆರಡಕ್ಕೇ ನಿಂತಿತು. ಹಾಗಾಗಿ ಪುರುಷರ ಸಿ-1 200 ಮತ್ತು ಕೆ-2 200 ಹೊರಗೆ ಹೋದವು. ಅದಕ್ಕಾಗಿಯೇ ಮೈ ಹದ ಮಾಡಿಕೊಂಡಿದ್ದವರಿಗೆ ಇದು ದೊಡ್ಡ ಪೆಟ್ಟು. ರಿಯೋದಲ್ಲಿ ಕೆ-2 200 ಗೆದ್ದಿದ್ದ ಸ್ಪೇನಿನ ಸೌಲ್ ಕ್ರಾವಿಯೊಟ್ಟೊ ನಾಲ್ವರ ದೋಣಿಗೆ ಹೋಗಿ ಮತ್ತೆ ಪದಕ ತಂದರು. ಎಲ್ಲರಿಗೂ ಹಾಗೆ ಬದಲಾಗಲು ಆಗುವುದಿಲ್ಲ. ಅವರ ನೋವು ನಿಜ. ಆದರೆ ಆ ಸಿಟ್ಟು ಹೆಣ್ಣುಮಕ್ಕಳ ಮೇಲೆ ತಿರುಗಿದ್ದು ಸರಿಯಲ್ಲ. ಸೀಟು ಹೆಚ್ಚಿಸದೆ ಪಾಲು ಮಾಡಿ ಎಂದದ್ದು ಒಲಿಂಪಿಕ್ ಸಮಿತಿ.

ವಿನ್ಸೆಂಟ್-ಲಾಪ್ವಾಂಟ್ ಅವರ ಕಥೆ ಇಲ್ಲಿ ಬಿಡುವಂಥದ್ದಲ್ಲ. 2019ರ ಬೇಸಿಗೆಯಲ್ಲಿ ಅವರು ಹನ್ನೊಂದು ಬಾರಿಯ ವಿಶ್ವ ಚಾಂಪಿಯನ್. ಟೋಕಿಯೋಗೆ ಒಂದೇ ವರ್ಷ ಬಾಕಿ. ಆಗ ಡೋಪಿಂಗ್ ಪರೀಕ್ಷೆಯಲ್ಲಿ ಲಿಗಾಂಡ್ರಾಲ್ ಎಂಬ ನಿಷೇಧಿತ ವಸ್ತುವಿನ ತೀರಾ ಸಣ್ಣ ಅಂಶ ಸಿಕ್ಕಿತು. ತಾತ್ಕಾಲಿಕ ಅಮಾನತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಹಂಗೆರಿಯ ಸೆಗೆದ್‌ನಲ್ಲಿ ಅವರಿಲ್ಲದ ರೇಸನ್ನು ಗೆದ್ದವರು 17 ವರ್ಷದ ನೆವಿನ್ ಹ್ಯಾರಿಸನ್. ಆಗಿನ ಗೆಳೆಯ ಆ ವಸ್ತು ಬಳಸುತ್ತಿದ್ದ, ದೇಹದ ದ್ರವದ ಮೂಲಕ ಅದು ತನಗೆ ದಾಟಿದೆ ಎಂದು ವಿನ್ಸೆಂಟ್-ಲಾಪ್ವಾಂಟ್ ತೋರಿಸಿಕೊಟ್ಟರು. 2020ರ ಜನವರಿಯಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಅದನ್ನು ಒಪ್ಪಿ ಆರೋಪ ಕೈಬಿಟ್ಟಿತು. ಅದಾದ ಮೇಲೆ ಕೋವಿಡ್ ಬಂದು ಕೂಟ ಒಂದು ವರ್ಷ ಮುಂದಕ್ಕೆ ಹೋಯಿತು. ಕೊನೆಗೆ ಟೋಕಿಯೋದಲ್ಲಿ ಹ್ಯಾರಿಸನ್ ಚಿನ್ನ, ವಿನ್ಸೆಂಟ್-ಲಾಪ್ವಾಂಟ್ ಬೆಳ್ಳಿ, ಉಕ್ರೇನಿನ ಲ್ಯುದ್ಮಿಲಾ ಲುಜಾನ್ ಕಂಚು. ಈ ಸ್ಪರ್ಧೆಯನ್ನು ಕಟ್ಟಿ ನಿಲ್ಲಿಸಿದ ಆಟಗಾರ್ತಿಗೆ ಮೊದಲ ಒಲಿಂಪಿಕ್ಸ್ ಸಿಕ್ಕಿದ್ದು 29ನೇ ವಯಸ್ಸಿನಲ್ಲಿ. ಐದು ವರ್ಷ ಮೊದಲೇ ಬಾಗಿಲು ತೆರೆದಿದ್ದರೆ ಅನ್ನಿಸದೆ ಇರದು.

ಪ್ಯಾರಿಸ್ 2024ರ ಫೈನಲ್ ನೋಡಿದವರಿಗೆ 'ಇನ್ನೂ ಬೆಳೆದಿಲ್ಲದ ಆಟ' ಎಂಬ ಮಾತು ನೆನಪಾಗಲೂ ಇಲ್ಲವೇನೋ. ಕೆನಡಾದ ಕೇಟಿ ವಿನ್ಸೆಂಟ್ 44.12 ಸೆಕೆಂಡ್, ಹ್ಯಾರಿಸನ್ 44.13. ಸೆಕೆಂಡಿನ ನೂರನೇ ಒಂದು ಭಾಗದ ಅಂತರ. ಕಂಚು ಕ್ಯೂಬಾಕ್ಕೆ. ಇಬ್ಬರ ಕೆನೋದಲ್ಲಿ ಚೀನಾದ ಷು ಷಿಷಿಯಾವೊ ಮತ್ತು ಸುನ್ ಮೆಂಗ್ಯಾ ಸತತ ಎರಡನೇ ಚಿನ್ನ ಗೆದ್ದರು. ಅಮೆರಿಕ, ಕೆನಡಾ, ಉಕ್ರೇನ್, ಕ್ಯೂಬಾ, ಚೀನಾ. ಅವಕಾಶ ಕೊಟ್ಟ ಎರಡೇ ಕೂಟದಲ್ಲಿ ಪದಕ ಇಷ್ಟು ಕಡೆ ಹಂಚಿಹೋಯಿತು.

ಭಾರತಕ್ಕೆ ಏಷ್ಯನ್ ಗೇಮ್ಸ್‌ನಲ್ಲಿ ಈ ಕ್ರೀಡೆಯಿಂದ ಬಂದಿರುವುದು ಎರಡು ಕಂಚು. ಎರಡೂ ಪುರುಷರ ಸಿ-2 1000 ಮೀಟರ್‌ನಲ್ಲೇ: 1994ರ ಹಿರೋಶಿಮಾದಲ್ಲಿ ಸಿಜಿ ಸದಾನಂದನ್ ಮತ್ತು ಜಾನಿ ರೊಮೆಲ್, ಆಮೇಲೆ 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ. ನಮ್ಮ ಹೆಣ್ಣುಮಕ್ಕಳಲ್ಲಿ ಒಂದೇ ಅಲಗಿನ ಹುಟ್ಟು ಹಿಡಿದು ದೊಡ್ಡ ವೇದಿಕೆ ಮುಟ್ಟಿದವರು ಭೋಪಾಲ್‌ನಲ್ಲಿ ತರಬೇತಿ ಪಡೆದ ಪ್ರಾಚಿ ಯಾದವ್. ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ವಾ ಎಂಬ, ಪಕ್ಕಕ್ಕೆ ಆಸರೆ ತೇಲು ಕಟ್ಟಿದ ದೋಣಿಯಲ್ಲಿ ಅವರು ಫೈನಲ್ ತಲುಪಿದರು. ಕಾಶ್ಮೀರದ ಬಿಲ್ಕಿಸ್ ಮೀರ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತೀರ್ಪುಗಾರರಾಗಿದ್ದರು. ಕಯಾಕ್‌ನಲ್ಲಿ ಜರ್ಮನಿ, ಹಂಗೆರಿಯಂಥ ದೇಶಗಳಿಗೆ ಏಳು-ಎಂಟು ದಶಕಗಳ ಮುನ್ನಡೆ ಇದೆ. ಮಹಿಳೆಯರ ಕೆನೋದಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಶುರು ಮಾಡಿದವರು. ಹೊಸಬರು ನುಗ್ಗಲು ಇಲ್ಲಿ ಜಾಗ ಇದೆ.

ಹಾಗಂತ ವಿಷಯ ಪೂರ್ತಿ ಇತ್ಯರ್ಥವಾಗಿಲ್ಲ. ಪ್ಯಾರಿಸ್‌ನಲ್ಲಿ ಸ್ಪರ್ಧೆಗಳು ಐದು-ಐದು, ಲೆಕ್ಕ ಸಮ. ದೂರ ಮಾತ್ರ ಸಮ ಇರಲಿಲ್ಲ. ಒಬ್ಬರೇ ಓಡಿಸುವ ಕೆನೋದಲ್ಲಿ ಪುರುಷರಿಗೆ 1000 ಮೀಟರ್, ಮಹಿಳೆಯರಿಗೆ 200. ಕಯಾಕ್‌ನಲ್ಲಿ ಪುರುಷರಿಗೆ 1000, ಮಹಿಳೆಯರಿಗೆ 500. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಹೆಣ್ಣುಮಕ್ಕಳು ಸಿ-1ರಲ್ಲಿ 5000 ಮೀಟರ್ ರೇಸ್ ಮಾಡುತ್ತಾರೆ. ಅಂದಮೇಲೆ ಒಲಿಂಪಿಕ್ಸ್‌ನಲ್ಲಿ 200ಕ್ಕೇ ನಿಲ್ಲಿಸಲು ಒಪ್ಪುವಂಥ ಕಾರಣ ನನಗಂತೂ ಕಾಣುವುದಿಲ್ಲ.