ಕಾಲಿ ಲಿನಕ್ಸ್ ಹಾಕ್ಕೊಂಡ್ರೆ ಹ್ಯಾಕಿಂಗ್ ಬರುತ್ತಾ ಸರ್?

ಪ್ರಶ್ನೆ: "ಸರ್, ಪೆನೆಟ್ರೇಶನ್ ಟೆಸ್ಟಿಂಗ್ (ಒಪ್ಪಿಗೆ ತಗೊಂಡು ಸಿಸ್ಟಮ್‌ಗೆ ನುಗ್ಗಿ ತೂತು ಹುಡುಕೋ ಕೆಲಸ) ಕಲೀಬೇಕು ಅಂತಿದೀನಿ, ಏನೂ ಗೊತ್ತಿಲ್ಲ, ಸೊನ್ನೆಯಿಂದ ಶುರು. ಲ್ಯಾಪ್‌ಟಾಪ್‌ನಲ್ಲಿ ಈಗ ವಿಂಡೋಸ್ ಇದೆ. ಅದನ್ನ ತೆಗೆದು ಕಾಲಿ ಹಾಕ್ಲಾ, ಪ್ಯಾರಟ್ ಹಾಕ್ಲಾ, ಇಲ್ಲ ಡ್ಯುಯಲ್ ಬೂಟ್ ಮಾಡ್ಲಾ? ಯಾವುದು ಬೆಸ್ಟ್?"

ಉತ್ತರ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಅರ್ಧ ಜನ ಇಷ್ಟು ಓದಿ ಎದ್ದು ಹೋಗ್ತೀರ. ವಿಂಡೋಸ್ ತೆಗೀಬೇಡಿ. ಡ್ಯುಯಲ್ ಬೂಟೂ, ಅಂದ್ರೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ (ಓಎಸ್) ಇಡೋದೂ, ಬೇಡ. ಇರೋ ವಿಂಡೋಸ್ ಮೇಲೇನೇ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್, ಅಂದ್ರೆ ವರ್ಚುವಲ್ ಮಷಿನ್, ಓಡಿಸೋ ಸಾಫ್ಟ್‌ವೇರು) ಹಾಕ್ಕೊಳ್ಳಿ, ಅದರೊಳಗೆ ಮೊದಲು ಉಬುಂಟುನೋ ಡೆಬಿಯನ್ನೋ ಒಂದು ಸಾದಾ ಲಿನಕ್ಸ್, ಲಿನಕ್ಸ್ ಕೈಗೆ ಹತ್ತಿದ ಮೇಲೆ ಕಾಲಿ. ಎಮ್ ಚಿಪ್ ಇರೋ ಮ್ಯಾಕ್‌ನವರು ಅದೇ ಕೆಲಸ ಮಾಡೋ ಯುಟಿಎಮ್ ನೋಡಿ. ಕಾಲಿನಾ ಪ್ಯಾರಟ್ಟಾ ಅಂದ್ರೆ ಯಾವುದಾದ್ರೂ ಆಗುತ್ತೆ, ಎರಡೂ ಸೆಕ್ಯೂರಿಟಿ ಟೂಲ್ ತುಂಬಿಟ್ಟ ಲಿನಕ್ಸ್, ಡೆಬಿಯನ್ ಹೊಟ್ಟೇಲಿ ಹುಟ್ಟಿದ ಮಕ್ಕಳೇ. ಅದೇ ಥರದ ಬ್ಲ್ಯಾಕ್‌ಆರ್ಚ್ ಮಾತ್ರ ಈಗ ಬೇಡ, ಅದು ಆರ್ಚ್ ಅನ್ನೋ ಇನ್ನೊಂದು ಲಿನಕ್ಸ್ ಗೊತ್ತಿರೋರಿಗೆ.

ಇದನ್ನೇ ಎಷ್ಟು ಸಲ ಹೇಳಿದೀನೋ ಲೆಕ್ಕ ಇಟ್ಟಿಲ್ಲ. ಆದ್ರೂ ಪ್ರಶ್ನೆ ನಿಲ್ಲಲ್ಲ, ಯಾಕಂದ್ರೆ ನಿಮಗೆ ಬೇಕಾಗಿರೋದು ಓಎಸ್ ಹೆಸರಲ್ಲ. ಕಾಲಿಯೊಳಗೆ ಬೇರೆ ಎಲ್ಲೂ ಇಲ್ಲದ ಏನೋ ಒಂದು ಇದೆ, ಅದು ಇದ್ರೆ ಬಾಗಿಲು ತೆರೆಯುತ್ತೆ, ಇಲ್ಲದಿದ್ರೆ ಇಲ್ಲ ಅನ್ನೋ ನಂಬಿಕೆ ತಲೇಲಿ ಕೂತಿದೆ. ಕಪ್ಪು ಸ್ಕ್ರೀನು, ಡ್ರ್ಯಾಗನ್ ವಾಲ್‌ಪೇಪರ್ರು, ಮೇಲಿಂದ ಕೆಳಗೆ ಸುರಿಯೋ ಹಸಿರು ಅಕ್ಷರ. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು. ಇವತ್ತು ಈ ನಂಬಿಕೆಗೆ ಒಂದು ಗತಿ ಕಾಣಿಸೋಣ.

ಕಾಲಿ ಅಂದ್ರೆ ಏನು? ಡೆಬಿಯನ್ನಿನ ಟೆಸ್ಟಿಂಗ್ ಶಾಖೆ (ಅದರ ಮುಂದಿನ ವರ್ಷನ್ ತಯಾರಾಗೋ ಜಾಗ) ತಗೊಂಡು, ಅದಕ್ಕೆ ಸೆಕ್ಯೂರಿಟಿ ಟೂಲ್‌ಗಳನ್ನ ಪ್ಯಾಕೇಜ್ ಮಾಡಿ ಒಂದೇ ಕಡೆ ಇಟ್ಟಿರೋದು. 2013ರ ಮಾರ್ಚ್‌ನಲ್ಲಿ ಬಂತು. ಅದಕ್ಕಿಂತ ಮುಂಚೆ ಇದೇ ಕೆಲಸಕ್ಕೆ ಬ್ಯಾಕ್‌ಟ್ರ್ಯಾಕ್ ಅಂತ ಇತ್ತು, ಅದು 2006ರದ್ದು. ಈಗ ನೀವು ಕಾಲಿ ಟೂಲ್ಸ್ ಕಾಲಿ ಟೂಲ್ಸ್ ಅಂತೀರಲ್ಲ, ಅವುಗಳ ವಯಸ್ಸು ನೋಡಿ. ಒಂದು ಮಷಿನ್ನಿನ ಯಾವ ಪೋರ್ಟ್, ಅಂದ್ರೆ ನೆಟ್‌ವರ್ಕಿನ ಬಾಗಿಲು, ತೆರೆದಿದೆ ಅಂತ ನೋಡೋ ಎನ್‌ಮ್ಯಾಪ್ 1997ರಲ್ಲಿ ಬಂದಿದ್ದು. ನೆಟ್‌ವರ್ಕ್‌ನಲ್ಲಿ ಹರಿಯೋ ಡೇಟಾ ಹಿಡಿದು ತೋರಿಸೋ ವೈರ್‌ಶಾರ್ಕ್ 1998ರದ್ದು, ಆಗ ಅದರ ಹೆಸರು ಈಥಿರಿಯಲ್. ರೆಡಿಮೇಡ್ ದಾಳಿಗಳ ಪೆಟ್ಟಿಗೆ ಮೆಟಾಸ್ಪ್ಲಾಯ್ಟ್ 2003. ಕಾಲಿ ಹುಟ್ಟೋ ಹೊತ್ತಿಗೆ ಎನ್‌ಮ್ಯಾಪ್‌ಗೆ ಹದಿನೈದು ವರ್ಷ ದಾಟಿತ್ತು, ಮೀಸೆ ಬಂದಿತ್ತು. ಇವ್ಯಾವೂ ಕಾಲಿಯವರು ಬರೆದಿದ್ದಲ್ಲ, ಇವೆಲ್ಲ ವಿಂಡೋಸ್‌ನಲ್ಲೂ ಓಡುತ್ತೆ, ಮ್ಯಾಕ್‌ನಲ್ಲೂ ಓಡುತ್ತೆ. ವೆಬ್ ಟೆಸ್ಟಿಂಗ್ ಮಾಡೋರು ದಿನವಿಡೀ ಮುಂದಿಟ್ಟುಕೊಂಡು ಕೂರೋ ಬರ್ಪ್ ಸೂಟ್ ಜಾವಾದಲ್ಲಿ ಬರೆದ ಸಾಫ್ಟ್‌ವೇರು, ಕೆಳಗೆ ಯಾವ ಓಎಸ್ ಇದೆ ಅಂತ ಅದು ತಲೆ ಕೆಡಿಸ್ಕೊಳ್ಳಲ್ಲ.

ಇಷ್ಟು ಹೇಳಿದ್ರೂ "ಅದೆಲ್ಲ ಸರಿ ಸರ್, ಆದ್ರೂ ಕಾಲಿ ಪವರ್‌ಫುಲ್" ಅಂತಾರೆ. ಸರಿ, ಮಾಡಿ ನೋಡೋಣ ಬನ್ನಿ. ಮೆಟಾಸ್ಪ್ಲಾಯ್ಟಬಲ್ 2 ಅಂತ ಒಂದು ವರ್ಚುವಲ್ ಮಷಿನ್ ಇದೆ, ಬೇಕಂತಲೇ ತೂತು ತೂತು ಮಾಡಿ ಕಲಿಯೋರಿಗೆ ಅಂತಲೇ ಬಿಟ್ಟಿರೋದು. ಅದನ್ನ ಆನ್ ಮಾಡಿ (ನೆಟ್‌ವರ್ಕ್ ಸೆಟಿಂಗ್ ಕೊನೇಲಿ ಹೇಳಿದೀನಿ, ಮೊದಲು ಅದನ್ನ ಮಾಡ್ಕೊಳ್ಳಿ), ವಿಂಡೋಸ್‌ನಲ್ಲಿರೋ ಎನ್‌ಮ್ಯಾಪ್‌ನಿಂದ ಒಂದ್ಸಲ ಸ್ಕ್ಯಾನ್ ಮಾಡಿ, ಆಮೇಲೆ ಕಾಲಿಯಿಂದ ಅದೇ ಸ್ಕ್ಯಾನ್ ಮಾಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಾವಿರ ಪೋರ್ಟ್ ನೋಡಿ 977 ಮುಚ್ಚಿದೆ, 23 ತೆರೆದಿದೆ ಅಂತ ಅಲ್ಲೂ ಬರುತ್ತೆ, ಇಲ್ಲೂ ಬರುತ್ತೆ. ವರ್ಷನ್ ಕೇಳಿದ್ರೆ 21ರಲ್ಲಿ ಫೈಲ್ ಸರ್ವರ್ ವಿಎಸ್‌ಎಫ್‌ಟಿಪಿಡಿ 2.3.4, 80ರಲ್ಲಿ ವೆಬ್ ಸರ್ವರ್ ಅಪಾಚೆ 2.2.8, ಅಲ್ಲೂ ಅದೇ ಇಲ್ಲೂ ಅದೇ. ಆ ಕಡೆಯ ಮಷಿನ್‌ಗೆ ಬಂದಿದ್ದು ಒಂದು ಪ್ಯಾಕೆಟ್ಟು, ಡೇಟಾದ ಒಂದು ತುಣುಕು ಅಷ್ಟೇ. ಕಳಿಸಿದವರ ವಾಲ್‌ಪೇಪರ್‌ನಲ್ಲಿ ಡ್ರ್ಯಾಗನ್ ಇದೆಯೋ ಬೆಕ್ಕಿನ ಫೋಟೋ ಇದೆಯೋ ಅದಕ್ಕೇನು ಗೊತ್ತು?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆ 21ನೇ ಪೋರ್ಟ್‌ನಲ್ಲಿರೋ ವಿಎಸ್‌ಎಫ್‌ಟಿಪಿಡಿಗೆ ಒಂದು ಕಥೆ ಇದೆ. 2011ರಲ್ಲಿ ಯಾರೋ ಅದರ ಡೌನ್‌ಲೋಡ್ ಫೈಲನ್ನೇ ತಿರುಚಿ ಒಳಗೊಂದು ಹಿಂಬಾಗಿಲು ಇಟ್ಟಿದ್ರು. ಲಾಗಿನ್ ಆಗುವಾಗ ಯೂಸರ್‌ನೇಮ್‌ನಲ್ಲಿ ನಗೋ ಮುಖ, ಅಂದ್ರೆ ಎರಡು ಚುಕ್ಕಿ ಒಂದು ಬ್ರಾಕೆಟ್ಟು, ಇದ್ರೆ ಸಾಕು, 6200ನೇ ಪೋರ್ಟ್ ತೆರೆದುಕೊಳ್ಳುತ್ತೆ. ಮೆಟಾಸ್ಪ್ಲಾಯ್ಟ್‌ನಲ್ಲಿ ಇದಕ್ಕೆ ರೆಡಿ ಮಾಡ್ಯೂಲ್ ಇದೆ, ನಾಲ್ಕು ಸಾಲು ಟೈಪ್ ಮಾಡಿದ್ರೆ ರೂಟ್, ಅಂದ್ರೆ ಮಷಿನ್ನಿನ ಪೂರ್ತಿ ಅಧಿಕಾರ, ಸಿಗುತ್ತೆ, ಹುಡುಗರು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕ್ತಾರೆ. ನಾನು ಕೂರಿಸಿಕೊಂಡು ಹೇಳಿಕೊಡುವಾಗ ಆ ಮಾಡ್ಯೂಲ್ ಮುಟ್ಟೋಕೇ ಬಿಡಲ್ಲ. ಸಾದಾ ಉಬುಂಟುನಲ್ಲಿ ಎರಡು ಟರ್ಮಿನಲ್, ಎರಡರಲ್ಲೂ ನೆಟ್‌ಕ್ಯಾಟ್, ಯಾವುದೇ ಪೋರ್ಟನ್ನ ನೇರ ಮಾತಾಡಿಸೋ ಸಣ್ಣ ಟೂಲು. ಒಂದರಲ್ಲಿ 21ಕ್ಕೆ ಹೋಗಿ ನಗೋ ಮುಖದ ಹೆಸರು ಕೊಡಿ, ಬಾಯಿಗೆ ಬಂದ ಪಾಸ್‌ವರ್ಡ್ ಕೊಡಿ, ಅದು ಉತ್ತರ ಕೊಡದೆ ಸುಮ್ನಾಗುತ್ತೆ, ಆಗ ಇನ್ನೊಂದರಲ್ಲಿ 6200ಕ್ಕೆ ಹೋಗಿ. ಪ್ರಾಂಪ್ಟ್ ಏನೂ ಬರಲ್ಲ, ಖಾಲಿ ಪರದೆ, ಕೆಲಸ ಕೆಟ್ಟಿದೆ ಅಂದ್ಕೊಂಡು ಮುಚ್ಚಬೇಡಿ. ಹೂ ಆ್ಯಮ್ ಐ ಅಂತ ಜೋಡಿಸಿ ಬರೆದು ಎಂಟರ್ ಒತ್ತಿ. ರೂಟ್ ಅಂತ ಬರುತ್ತೆ. ಕಾಲಿ ಎಲ್ಲಿತ್ತು ಇದರಲ್ಲಿ? ಹೀಗೆ ಮಾಡಿದವರಿಗೆ ಬಾಗಿಲು ಯಾಕೆ ತೆರೀತು ಅಂತ ಗೊತ್ತಿರುತ್ತೆ, ಮಾಡ್ಯೂಲ್ ಒತ್ತಿದವರಿಗೆ ತೆರೀತು ಅನ್ನೋದಷ್ಟೇ ಗೊತ್ತಿರುತ್ತೆ.

ಪವರ್‌ಫುಲ್ ಅನ್ನೋದು ಎಲ್ಲಿಂದ ಬಂತು ಅಂತ ಹುಡುಕಿದ್ರೆ ಒಂದು ಕಾರಣ ನಿಜಕ್ಕೂ ಸಿಗುತ್ತೆ. ಹಳೇ ಕಾಲಿಯಲ್ಲಿ ನೀವು ಲಾಗಿನ್ ಆಗ್ತಿದ್ದಿದ್ದೇ ರೂಟ್ ಆಗಿ, ಹಾಗಾಗಿ ಎನ್‌ಮ್ಯಾಪ್ ತಾನಾಗೇ ಸಿನ್ ಸ್ಕ್ಯಾನ್ (ಸಂಪರ್ಕ ಪೂರ್ತಿ ಮಾಡದೆ ಬಾಗಿಲು ತಟ್ಟಿ ನೋಡೋದು) ಮಾಡ್ತಿತ್ತು. ಉಬುಂಟುನಲ್ಲಿ ಸುಡೊ (ರೂಟ್ ಅಧಿಕಾರದಲ್ಲಿ ಓಡಿಸು ಅನ್ನೋ ಕಮಾಂಡ್) ಇಲ್ಲದೆ ಓಡಿಸಿದ್ರೆ ಅದೇ ಎನ್‌ಮ್ಯಾಪ್ ಸಂಪರ್ಕ ಪೂರ್ತಿ ಮಾಡಿ ನೋಡೋ ಕನೆಕ್ಟ್ ಸ್ಕ್ಯಾನ್‌ಗೆ ಇಳಿಯುತ್ತೆ, ಓಎಸ್ ಯಾವುದು ಅಂತ ಕಂಡುಹಿಡಿ ಅಂದ್ರೆ ರೂಟ್ ಬೇಕು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೆ. ನೋಡಿದವರು ಉಬುಂಟು ವೀಕು ಅಂದ್ರು. ಮುಂದೆ ಸುಡೊ ಹಾಕಿದ್ರೆ ಮುಗೀತು. 2020ರ ಮೊದಲ ರಿಲೀಸ್‌ನಿಂದ ಕಾಲಿಯಲ್ಲೂ ಸಾಮಾನ್ಯ ಯೂಸರ್ರೇ ಡಿಫಾಲ್ಟು, ರೆಡಿ ಇಮೇಜ್ ಆದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಎರಡೂ ಕಾಲಿ. ಹಳೇ ವಿಡಿಯೋ ನೋಡಿ ರೂಟ್, ತೂರ್ ಅಂತ ಹೊಡೆದು ಲಾಗಿನ್ ಆಗ್ತಿಲ್ಲ ಅಂತ ಬರೋರಿಗೆ ಉತ್ತರ ಇದೇ, ದಯವಿಟ್ಟು ಇನ್ನು ಕೇಳಬೇಡಿ.

ಕಾಲಿ ಹಾಕಿದ್ರೆ ನಾವು ಯಾರು ಅಂತ ಗೊತ್ತಾಗಲ್ಲ ಅನ್ನೋದು ಇದರದ್ದೇ ತಮ್ಮ. ಗೊತ್ತಾಗುತ್ತೆ. ವಿಂಡೋಸ್‌ನಿಂದ ಹೋಗೋ ಐಪಿ ಅಡ್ರೆಸ್ಸಿಂದಲೇ ಕಾಲಿಯಿಂದಲೂ ಹೋಗ್ತೀರ. ಪರ್ಮಿಷನ್ ಬರವಣಿಗೆಯಲ್ಲಿ ಇಲ್ಲದೆ ಇನ್ನೊಬ್ಬರ ಸಿಸ್ಟಮ್ ಮುಟ್ಟಿದ್ರೆ ಅದು ಅಪರಾಧ, ಯಾವ ಓಎಸ್‌ನಿಂದ ಮುಟ್ಟಿದ್ರೂ.

ಹಾಗಂತ ಕಾಲಿ ವೇಸ್ಟ್ ಅಂತ ನಾನು ಹೇಳ್ತಿಲ್ಲ, ಕೆಲಸಕ್ಕೆ ನಾನೂ ಅದನ್ನೇ ಬಳಸ್ತೀನಿ. ಟೂಲ್‌ಗಳನ್ನ ಒಂದೊಂದಾಗಿ ಹುಡುಕಿ, ಒಂದಕ್ಕೆ ಬೇಕಾದ ಪೈಥಾನ್ ಲೈಬ್ರರಿ ಇನ್ನೊಂದಕ್ಕೆ ಆಗದೆ ಒದ್ದಾಡೋ ರಗಳೆ ಇಲ್ಲ, ಅದು ಸಣ್ಣ ವಿಷಯ ಅಲ್ಲ. ಆದ್ರೆ ಅದು ಸಮಯ ಉಳಿಸುತ್ತೆ, ಗೊತ್ತಿಲ್ಲದವರಿಗೆ ಉಳಿಸೋಕೆ ಏನಿದೆ? ಲಿನಕ್ಸ್ ಪರಿಚಯ ಇಲ್ಲದವರಿಗೆ ಇದು ಸರಿಯಾದ ಆಯ್ಕೆ ಅಲ್ಲ ಅಂತ ಕಾಲಿಯವರ ಸ್ವಂತ ಡಾಕ್ಯುಮೆಂಟೇಷನ್‌ನಲ್ಲೇ ಇದೆ. ತಯಾರು ಮಾಡಿದವರೇ ಬೇಡ ಅಂತಿದ್ರೂ ಹಟ ಮಾಡಿ ಕಾಲಿ ಹಾಕ್ತೀರ, ಆಮೇಲೆ ತಲೆ ಖಾಲಿ.

ಇನ್ನೊಂದು ಚಾಳಿ ಇದೆ, ಉಬುಂಟು ಹಾಕ್ಕೊಂಡ ಮೇಲೂ ಮನಸ್ಸು ತಡೀದೆ ಅದಕ್ಕೆ ಕಾಲಿಯ ರೆಪೊ (ಸಾಫ್ಟ್‌ವೇರ್ ಇಳಿಸ್ಕೊಳ್ಳೋ ಭಂಡಾರ) ಸೇರಿಸೋದು. ಮಾಡಬೇಡಿ. ಎರಡು ಕಡೆಯ ಲೈಬ್ರರಿ ವರ್ಷನ್ ಬೆರೆತು, ಒಂದು ಅಪ್‌ಗ್ರೇಡ್ ಆದ್ಮೇಲೆ ಡೆಸ್ಕ್‌ಟಾಪೇ ಮೇಲೇಳಲ್ಲ. ಡ್ಯುಯಲ್ ಬೂಟ್ ಬೇಡ ಅಂದಿದ್ದೂ ಇಂಥದೇ ಕಾರಣಕ್ಕೆ. ಒಬ್ಬ ಹುಡುಗ ಪ್ರಾಜೆಕ್ಟ್ ಸಬ್‌ಮಿಟ್ ಮಾಡೋ ಹಿಂದಿನ ರಾತ್ರಿ ಇನ್‌ಸ್ಟಾಲರ್‌ನಲ್ಲಿ ಪೂರ್ತಿ ಡಿಸ್ಕ್ ಬಳಸು ಅನ್ನೋದನ್ನ ಒತ್ತಿ, ಎಸ್ ಅಂತಲೂ ಒತ್ತಿ, ಆಮೇಲೆ ನನಗೆ ಫೋನ್ ಮಾಡಿದ್ದ. ನಾನೇನು ಮಾಡ್ಲಿ? ವರ್ಚುವಲ್ ಮಷಿನ್ ಆದ್ರೆ ಏನೇ ಹಾಳು ಮಾಡಿ, ಮೊದಲೇ ಉಳಿಸಿಟ್ಟ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋದ್ರೆ ಎರಡು ನಿಮಿಷದಲ್ಲಿ ಮೊದಲಿನ ಹಾಗೆ. ಹಾಳು ಮಾಡೋದೇ ಇಲ್ಲಿ ಅಭ್ಯಾಸ.

ಡ್ಯುಯಲ್ ಬೂಟ್ ಪರವಾಗಿ ಬರೋ ಒಂದೇ ಒಂದು ಒಳ್ಳೆ ವಾದ ವೈಫೈದು. ವರ್ಚುವಲ್ ಮಷಿನ್‌ಗೆ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ನೇರ ಕಾಣಲ್ಲ, ಅದು ಕೇಬಲ್ ಸಿಕ್ಕಿಸಿದ್ದಾರೆ ಅಂತಲೇ ಅಂದ್ಕೊಂಡಿರುತ್ತೆ. ವೈಫೈ ಟೆಸ್ಟಿಂಗ್‌ಗೆ ಮಾನಿಟರ್ ಮೋಡ್ (ಸುತ್ತಲಿನ ವೈಫೈ ಮಾತೆಲ್ಲ ಕೇಳಿಸ್ಕೊಳ್ಳೋದು) ಬರೋ ಯುಎಸ್‌ಬಿ ಅಡಾಪ್ಟರ್ ಬೇಕು. ಅದು ಆಮೇಲಿನ ಮಾತು, ವೈಫೈ ಈ ಕೆಲಸದ ಒಂದು ಸಣ್ಣ ಮೂಲೆ ಅಷ್ಟೇ.

ಲಿನಕ್ಸ್ ಕೈಗೆ ಹತ್ತೋದು ಅಂದ್ರೆ ಏನು ಅಂತ ಕೇಳಿದ್ರೆ, ಓವರ್‌ದವೈರ್ ಸೈಟಿನವರ ಬ್ಯಾಂಡಿಟ್ ಅನ್ನೋ ಲಿನಕ್ಸ್ ಕಮಾಂಡ್ ಆಟ ಆಡಿ, ಫ್ರೀ. ಶುರುವಿನಲ್ಲೇ ಒಂದು ಫೈಲ್ ಬರುತ್ತೆ, ಅದರ ಹೆಸರು ಬರೀ ಒಂದು ಅಡ್ಡಗೆರೆ. ಫೈಲ್ ಓದಿ ತೋರಿಸೋ ಕಮಾಂಡ್ ಕ್ಯಾಟ್ ಅಂತ ಬರೆದು ಅಡ್ಡಗೆರೆ ಹಾಕಿದ್ರೆ ಟರ್ಮಿನಲ್ ಮಿಟುಕಿಸ್ತಾ ಕೂತಿರುತ್ತೆ, ಏನೂ ಬರಲ್ಲ, ಯಾಕಂದ್ರೆ ಕ್ಯಾಟ್ ಪ್ರಕಾರ ಅಡ್ಡಗೆರೆ ಅಂದ್ರೆ ಕೀಬೋರ್ಡ್‌ನಿಂದ ಓದು ಅಂತ, ಅದು ನಿಮಗೋಸ್ಕರ ಕಾಯ್ತಿದೆ, ನೀವು ಅದಕ್ಕೋಸ್ಕರ ಕಾಯ್ತಿದೀರ. ಚುಕ್ಕಿ, ಸ್ಲ್ಯಾಶ್, ಅಡ್ಡಗೆರೆ ಅಂತ ಕೊಟ್ರೆ ಓದುತ್ತೆ. ಇದನ್ನ ಉತ್ತರ ನೋಡದೆ ಬಿಡಿಸಿದವರು ನನಗೆ ಮುಂದೆ ಪ್ರಶ್ನೆ ಕೇಳೋದು ಕಮ್ಮಿ, ಇದು ಅನುಭವದ ಮಾತು. ವೆಬ್ ಕಡೆ ಆಸಕ್ತಿ ಇದ್ರೆ ಬರ್ಪ್ ಮಾಡಿದ ಪೋರ್ಟ್‌ಸ್ವಿಗರ್‌ನವರದ್ದೇ ವೆಬ್ ಸೆಕ್ಯೂರಿಟಿ ಅಕಾಡೆಮಿ ಇದೆ, ಅದೂ ಫ್ರೀ, ಅದಕ್ಕೆ ಬ್ರೌಸರ್ ಮತ್ತು ಬರ್ಪ್ ಸಾಕು.

ಈಗ ಯಾರೂ ಕೇಳದ ಒಂದು ವಿಷಯ, ಆದ್ರೆ ಎಲ್ಲರೂ ಬಿದ್ದೇ ಬೀಳೋ ಗುಂಡಿ. ವರ್ಚುವಲ್‌ಬಾಕ್ಸ್‌ನಲ್ಲಿ ಕಾಲಿ ಹಾಕಿದ್ರಿ, ಮೆಟಾಸ್ಪ್ಲಾಯ್ಟಬಲ್ ಹಾಕಿದ್ರಿ, ಎರಡೂ ಆನ್. ಮೆಟಾಸ್ಪ್ಲಾಯ್ಟಬಲ್‌ನ ಐಪಿ ನೋಡಿದ್ರಿ, 10.0.2.15. ಕಾಲಿಯಿಂದ ಆ ಐಪಿಗೆ ಸ್ಕ್ಯಾನ್ ಕೊಟ್ರಿ. ಸಾವಿರ ಪೋರ್ಟೂ ಮುಚ್ಚಿದೆ ಅಂತ ಬರುತ್ತೆ. "ಸರ್, ತೂತು ಮಷಿನ್ ಅಂದ್ರಿ, ಇದು ಭಾರಿ ಸೆಕ್ಯೂರ್ ಆಗಿದೆ." ಕಾಲಿಯ ಐಪಿ ಒಂದ್ಸಲ ನೋಡಿ. ಅದೂ 10.0.2.15. ಡಿಫಾಲ್ಟ್ ನ್ಯಾಟ್ ಮೋಡ್‌ನಲ್ಲಿ ವರ್ಚುವಲ್‌ಬಾಕ್ಸ್ ಪ್ರತಿ ಮಷಿನ್ನನ್ನೂ ಬೇರೆ ಬೇರೆ ಕೋಣೇಲಿ ಕೂಡಿಹಾಕಿ, ಎಲ್ಲರಿಗೂ ಅದೇ ನಂಬರ್ ಕೊಡುತ್ತೆ, ಒಬ್ಬರಿಗೊಬ್ಬರು ಕಾಣಲ್ಲ. ಅಷ್ಟು ಹೊತ್ತು ನೀವು ಸ್ಕ್ಯಾನ್ ಮಾಡ್ತಿದ್ದಿದ್ದು ನಿಮ್ಮನ್ನೇ.

ಎರಡೂ ಮಷಿನ್‌ನ ನೆಟ್‌ವರ್ಕ್ ಸೆಟಿಂಗ್‌ನಲ್ಲಿ ಹೋಸ್ಟ್-ಓನ್ಲಿ ಅಡಾಪ್ಟರ್ (ಲ್ಯಾಪ್‌ಟಾಪ್ ಮತ್ತು ಈ ಮಷಿನ್‌ಗಳ ನಡುವೆ ಮಾತ್ರ ಇರೋ ನೆಟ್‌ವರ್ಕ್) ಆರಿಸಿ ರೀಸ್ಟಾರ್ಟ್ ಮಾಡಿ. ಒಂದಕ್ಕೆ 192.168.56.101 ಬಂದ್ರೆ ಇನ್ನೊಂದಕ್ಕೆ 102, ಆ ಥರ ಬರುತ್ತೆ, ಪಿಂಗ್ ಹೋಗುತ್ತೆ. ಆಗ ಕಾಲಿಯಲ್ಲಿ ಇಂಟರ್ನೆಟ್ ಹೋಯ್ತು ಅಂತ ಮತ್ತೆ ಬರಬೇಡಿ, ಹೋಗಲೇಬೇಕು, ಅದಕ್ಕೆ ಎರಡನೇ ಅಡಾಪ್ಟರ್ ಅಂತ ಇದೆ, ಅದನ್ನ ನ್ಯಾಟ್‌ಗೆ ಹಾಕಿ. ಕಾಲಿಗೆ ಮಾತ್ರ. ಮೆಟಾಸ್ಪ್ಲಾಯ್ಟಬಲ್‌ಗೆ ಬೇಡ, ಬ್ರಿಡ್ಜ್ ಅಂತೂ ಬೇಡವೇ ಬೇಡ, ನಗೋ ಮುಖಕ್ಕೆ ಬಾಗಿಲು ತೆರೆಯೋ ಮಷಿನ್ನನ್ನ ಮನೆಯವರೆಲ್ಲರ ಫೋನ್ ಇರೋ ವೈಫೈಗೆ ತಂದು ಬಿಡಬೇಡಿ.