ಮೋನೆಯ ಹಿಮಕ್ಕೆ ನೀಲಿ ನೆರಳು

ಹಿಮದ ಚಿತ್ರ ಬರೆಯಲು ಕುಳಿತ ವಿದ್ಯಾರ್ಥಿಗಳ ಕೈ ಮೊದಲು ಹೋಗುವುದು ಬಿಳಿ ಬಣ್ಣದ ಟ್ಯೂಬಿಗೆ. ನೆರಳು ಬೇಕಾದಾಗ ಅದಕ್ಕೇ ಒಂದಿಷ್ಟು ಕಪ್ಪು ಬೆರೆಸುತ್ತಾರೆ. ಕೊನೆಗೆ ಉಳಿಯುವುದು ಮಳೆಗಾಲ ಕಂಡ ಸುಣ್ಣದ ಗೋಡೆ! ಆಗ ನಾನು ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ ‘ಮ್ಯಾಗ್‌ಪೈ’ ಚಿತ್ರದ ಮುದ್ರಿತ ಪ್ರತಿಯನ್ನು ಅವರ ಮುಂದಿಡುತ್ತೇನೆ.

ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಎತ್ರೆತಾ ಬಳಿ 1868–69ರ ಚಳಿಗಾಲದಲ್ಲಿ ಮೂಡಿದ ತೈಲಚಿತ್ರವಿದು. ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಹಿಮ ಹೊದ್ದ ನೆಲ, ಕಡ್ಡಿ ಹೆಣೆದ ಬೇಲಿ, ಎಡಕ್ಕೊಂದು ಮರದ ಗೇಟು, ಅದರ ಮೇಲೆ ಒಂಟಿ ಮ್ಯಾಗ್‌ಪೈ, ಕಪ್ಪು-ಬಿಳಿ ಗರಿಯ ಹಕ್ಕಿ. ಮನುಷ್ಯರ ಸುಳಿವಿಲ್ಲ.

ಸೂರ್ಯ ಬೇಲಿಯ ಆಚೆಗಿದ್ದಾನೆ. ಹಾಗಾಗಿ ನೆರಳೆಲ್ಲ ನೋಡುವವರತ್ತ ಚಾಚಿಕೊಂಡಿದೆ. ಅದಕ್ಕೆ ಮೋನೆ ಹಚ್ಚಿರುವುದು ನೇರಳೆ ಬೆರೆತ ನೀಲಿ. ಚಂದಕ್ಕೆಂದು ಮಾಡಿದ್ದಲ್ಲ, ಕಂಡದ್ದನ್ನೇ ಬರೆದ. ನೇರ ಬಿಸಿಲು ತಲುಪದ ಕಡೆ ಹಿಮವನ್ನು ಬೆಳಗುವುದು ಆಕಾಶದ ಚದುರಿದ ಬೆಳಕು. ಅದರಲ್ಲಿ ನೀಲಿ ಹೆಚ್ಚು. ಪಕ್ಕದಲ್ಲೇ ಬಿಸಿಲು ಬಿದ್ದ ಹಿಮಕ್ಕೆ ತೆಳು ಹಳದಿ ಛಾಯೆ. ಹಳದಿಯ ಪಕ್ಕ ನೀಲಿ, ನೇರಳೆಗಳು ಕಣ್ಣಿಗೆ ಇನ್ನಷ್ಟು ಗಾಢವಾಗುತ್ತವೆ. ಬಣ್ಣಗಳ ಈ ಪರಸ್ಪರ ಪ್ರಭಾವವನ್ನು ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ವಿವರವಾಗಿ ಬರೆದಿದ್ದ. ಆದರೂ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್‌ನ 1869ರ ತೀರ್ಪುಗಾರರು ಈ ಚಿತ್ರವನ್ನು ತಿರಸ್ಕರಿಸಿದರು. ಕ್ಷಣದ ಬೆಳಕನ್ನು ಕಂಡಂತೆ ಹಿಡಿಯುವ ಮೋನೆಯಂಥ ಚಿತ್ರಕಾರರಿಗೆ ‘ಇಂಪ್ರೆಷನಿಸ್ಟ್’ ಎಂಬ ಹಣೆಪಟ್ಟಿ ಹುಟ್ಟಿದ್ದು ಅದಾದ ಐದು ವರ್ಷಕ್ಕೆ.

ಇನ್ನು ಹಕ್ಕಿ. ಅದನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ. ಬಿಸಿಲು ಅಲ್ಲೇ ಮಂಕಾಗುತ್ತದೆ. ಚಿತ್ರದ ಉಳಿದ ಬಣ್ಣಗಳಲ್ಲಿ ಹೆಚ್ಚಿನವು ಬಿಳಿಗೆ ಹತ್ತಿರದವು, ಒಂದಕ್ಕೊಂದು ಕೂದಲೆಳೆಯ ಅಂತರ. ಅವು ಎಷ್ಟು ಬೆಳಗುತ್ತಿವೆ ಎಂದು ಅಳೆಯಲು ಕಣ್ಣಿಗೆ ಒಂದು ಗಟ್ಟಿ ಕಪ್ಪು ಬೇಕು. ಅದು ಸಿಗುವುದು ಆ ಪುಟ್ಟ ಹಕ್ಕಿಯಲ್ಲಿ. ಚಿತ್ರದ ಮೌನವೂ ಅದರಿಂದಲೇ ಬಂದದ್ದು ಎನ್ನುವುದು ನನ್ನ ಅಭಿಪ್ರಾಯ: ಯಾವ ಗಳಿಗೆಯಲ್ಲಾದರೂ ಹಾರಿಹೋಗಬಲ್ಲ ಜೀವವೊಂದು ಅಲ್ಲಿ ಸುಮ್ಮನೆ ಕುಳಿತಿದೆ.

ಇದನ್ನು ನಕಲು ಮಾಡಿ ಕಲಿಯುವವರಿಗೆ ನನ್ನ ಸಲಹೆ ಇಷ್ಟು. ಕಪ್ಪು ಟ್ಯೂಬನ್ನು ಪೆಟ್ಟಿಗೆಯಲ್ಲೇ ಬಿಡಿ. ನೆರಳುಗಳನ್ನು ಮೊದಲು ತೆಳುವಾಗಿ ಹರಡಿ, ಬಿಸಿಲಿನ ಹಿಮವನ್ನು ಆಮೇಲೆ ದಪ್ಪವಾಗಿ ಹಚ್ಚಿ. ಬಿಳಿಗೆ ಚೂರು ಹಳದಿ ತಾಗಿಸಿರಲಿ. ಹಕ್ಕಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಸಾಕಷ್ಟು ಗಾಢ ಕಪ್ಪು ಸಿಗುತ್ತದೆ. ಅದನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಇಡಿ.